ಜೆಟ್ ಗ್ಲೈಡರ್ ಕಿಟ್: ಮೊದಲು ಗಾಳಿಗೆ ದಾರಿ, ಆಮೇಲೆ ಮೋಟರ್

ರೇಡಿಯೊ ನಿಯಂತ್ರಣದ ಪ್ರೊಪೆಲರ್ ಗ್ಲೈಡರ್ ಮಾದರಿ ಹಾರಿಸಿ ಕೈ ಪಳಗಿದವರು ಜೆಟ್ ಗ್ಲೈಡರ್ ಕಿಟ್ ಬಿಚ್ಚುವ ಮೊದಲು ಒಂದು ಲೆಕ್ಕ ತಿಳಿದಿರಬೇಕು. 500 ವಾಟ್ ವಿದ್ಯುತ್ತಿಗೆ 11 ಇಂಚಿನ ಪ್ರೊಪೆಲರ್ ನಿಂತಲ್ಲೇ ಒಂದೂವರೆ ಕಿಲೋಗಿಂತ ಹೆಚ್ಚು ಎಳೆಯುತ್ತದೆ. ಅದೇ 500 ವಾಟ್ ಅನ್ನು 64 ಮಿ.ಮೀ. ಡಕ್ಟೆಡ್ ಫ್ಯಾನ್‌ಗೆ (ಜೆಟ್ ಗ್ಲೈಡರ್‌ನಲ್ಲಿ ಪ್ರೊಪೆಲರ್ ಬದಲಿಗೆ ಕೊಳವೆಯೊಳಗೆ ತಿರುಗುವ ಫ್ಯಾನ್) ಕೊಟ್ಟರೆ ಸಿಗುವ ಥ್ರಸ್ಟ್ (ತಳ್ಳುವ ಬಲ) 900 ಗ್ರಾಂ ಆಸುಪಾಸು. ಇದಕ್ಕೆ ಫ್ಯಾನ್ ಕಳಪೆ ಎಂಬುದು ಕಾರಣವಲ್ಲ. ಕಿರಿದಾದ ಬಾಯಿಂದ ಸ್ವಲ್ಪವೇ ಗಾಳಿಯನ್ನು ಸೆಕೆಂಡಿಗೆ 50 ಮೀಟರಿಗೂ ಹೆಚ್ಚಿನ ವೇಗದಲ್ಲಿ ತಳ್ಳುವುದಕ್ಕೆ ಖರ್ಚಾಗುವ ಶಕ್ತಿ, ಅಗಲವಾದ ತಟ್ಟೆಯಿಂದ ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳುವುದಕ್ಕಿಂತ ಬಹಳ ಜಾಸ್ತಿ. ಸಾಲದ್ದಕ್ಕೆ ಫ್ಯಾನ್ ಪೂರ್ತಿ ವೇಗಕ್ಕೆ ಬರಲು ಒಂದೆರಡು ಸೆಕೆಂಡು ಬೇಕು, ಮತ್ತು ಅದರ ಗಾಳಿ ರೆಕ್ಕೆಯ ಮೇಲಾಗಲಿ ಬಾಲದ ಮೇಲಾಗಲಿ ಹಾಯುವುದಿಲ್ಲ. ವೇಗ ಇಲ್ಲದೆ ಇದ್ದಾಗ ಥ್ರಾಟಲ್ (ಮೋಟರಿನ ವೇಗ ಏರಿಳಿಸುವ ಹಿಡಿ) ನಿಮ್ಮನ್ನು ಕಾಪಾಡುವುದಿಲ್ಲ.

ಆದರೆ ಗ್ಲೈಡರ್‌ಗೆ ಅಷ್ಟು ಎಳೆತ ಬೇಕಾಗಿಯೂ ಇಲ್ಲ. ಇಲ್ಲಿ ನಾನು ಎದುರಿಗಿಟ್ಟುಕೊಂಡಿರುವುದು ಸುಮಾರು 2 ಮೀಟರ್ ರೆಕ್ಕೆಯ, ಇಪಿಒ ಫೋಮ್‌ನ, ಬಾಡಿಯೊಳಗೆ 64 ಮಿ.ಮೀ. ಫ್ಯಾನ್ ಕೂರಿಸುವ ಕಿಟ್. ಬ್ಯಾಟರಿ 4 ಸೆಲ್‌ನ 2200 ಎಂಎಎಚ್ (ಮಿಲಿಆಂಪಿಯರ್-ಗಂಟೆ) ಲಿಪೊ (ಲಿಥಿಯಂ ಪಾಲಿಮರ್), ಹಾರುವ ತೂಕ 1300 ಗ್ರಾಂ, ರೆಕ್ಕೆಯ ವಿಸ್ತೀರ್ಣ 32 ಚದರ ಡೆಸಿಮೀಟರ್. ಇದು 1 ಮೀಟರ್ ಇಳಿಯುವಷ್ಟರಲ್ಲಿ 12 ಮೀಟರ್ ಮುಂದೆ ಸಾಗುತ್ತದೆ ಎಂದುಕೊಂಡರೆ, ನೇರ ಮಟ್ಟದಲ್ಲಿ ಹಾರಲು ಬೇಕಾದ ಥ್ರಸ್ಟ್ 1300 ಭಾಗಿಸು 12, ಅಂದರೆ ಸುಮಾರು 110 ಗ್ರಾಂ ಅಷ್ಟೆ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಫ್ಯಾನ್ 700 ಗ್ರಾಂ ಕೊಟ್ಟರೂ, ಉಳಿದ 590 ಗ್ರಾಂ ಪೂರ್ತಿ ಏರುವುದಕ್ಕೆ ಸಿಗುತ್ತದೆ. ಆಗ ಏರುವ ವೇಗ ಸೆಕೆಂಡಿಗೆ ಸುಮಾರು 6.8 ಮೀಟರ್, 15 ಸೆಕೆಂಡಿನಲ್ಲಿ 100 ಮೀಟರ್. ಮೋಟರ್ ನಿಲ್ಲಿಸಿದ ಮೇಲೆ ಆ 100 ಮೀಟರ್ ಇಳಿಯಲು ಹತ್ತಿರ ಹತ್ತಿರ ಎರಡು ನಿಮಿಷ. ಬ್ಯಾಟರಿಯ ಶೇ. 80ರಷ್ಟನ್ನು ಬಳಸಿದರೆ 35 ಆಂಪಿಯರ್‌ನಲ್ಲಿ ಮೂರು ನಿಮಿಷ ಮೋಟರ್ ಓಡುತ್ತದೆ. ಕೊನೆಗೆ ಕೈಯಲ್ಲಿ ಸ್ವಲ್ಪ ಉಳಿಸಿಕೊಂಡರೂ ಹತ್ತು ಸಲ ಏರಬಹುದು, ಥರ್ಮಲ್ (ಮೇಲೇಳುವ ಬಿಸಿಗಾಳಿ) ಒಂದೂ ಸಿಗದಿದ್ದರೂ ಇಪ್ಪತ್ತು ನಿಮಿಷ ಗಾಳಿಯಲ್ಲಿರಬಹುದು.

ಮನುಷ್ಯರು ಕೂತು ಹಾರುವ ಗ್ಲೈಡರ್‌ಗಳಲ್ಲೂ ಇದೇ ಲೆಕ್ಕ. ದಕ್ಷಿಣ ಆಫ್ರಿಕಾದ ಜೆಎಸ್1 ಗ್ಲೈಡರ್‌ನ ಬೆನ್ನಿನಿಂದ ಮೇಲೇಳುವ ಟಿಜೆ-42 ಟರ್ಬೈನ್ ಇರುವುದು ನೆಲದಿಂದ ಎಬ್ಬಿಸುವುದಕ್ಕಲ್ಲ, ಥರ್ಮಲ್ ಕೈಕೊಟ್ಟಾಗ ಎತ್ತರ ಕಾಯ್ದುಕೊಂಡು ಮರಳುವುದಕ್ಕೆ. ನಮ್ಮ ಫೋಮ್ ಮಾದರಿಯನ್ನೂ ಹಾಗೇ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪೂರ್ತಿ ಥ್ರಾಟಲ್‌ನಲ್ಲಿ ಸುತ್ತು ಹೊಡೆಸುವ ಆಸೆಯಿದ್ದರೆ ಗಿಡ್ಡ ರೆಕ್ಕೆಯ ಜೆಟ್ ಮಾದರಿಯೇ ಒಳ್ಳೆಯದು.

ಫ್ಯಾನ್ ಮತ್ತು ಅದರ ಸುತ್ತಲಿನ ಕೊಳವೆ

ಕಿಟ್ ಕೈಗೆ ಬಂದ ಕೂಡಲೇ ಅಂಟಿನ ಡಬ್ಬಿ ತೆಗೆಯುವುದು ಬೇಡ. ಮೊದಲು ಎಲ್ಲ ಭಾಗಗಳನ್ನೂ ತಕ್ಕಡಿಗೆ ಹಾಕಿ ತೂಕ ಬರೆದಿಟ್ಟುಕೊಳ್ಳಿ. ಎಡ ಬಲ ರೆಕ್ಕೆಗಳ ತೂಕದಲ್ಲಿ ಐದು ಗ್ರಾಂ ಒಳಗಿನ ವ್ಯತ್ಯಾಸವಿದ್ದರೆ ಹಗುರವಾದ ರೆಕ್ಕೆಯ ತುದಿಯಲ್ಲಿ ಚೂರು ಸೀಸ ಹಾಕಿ ಸರಿದೂಗಿಸಬಹುದು. ಅದಕ್ಕಿಂತ ಹೆಚ್ಚಿದ್ದರೆ ಫೋಮ್ ಅಚ್ಚಿನಲ್ಲೇ ಏನೋ ಹೆಚ್ಚುಕಡಿಮೆಯಾಗಿದೆ ಎಂದರ್ಥ; ಬಾಗಿದೆಯೇ, ತಿರುಚಿದೆಯೇ ಎಂದು ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿ.

ಫ್ಯಾನ್ ಕಿಟ್ ಜೊತೆಗೇ ಜೋಡಣೆಯಾಗಿ ಬಂದಿದ್ದರೂ ಬಿಚ್ಚಿ ನೋಡಲೇಬೇಕು. ಕಾರಣ, ಇದು ನಿಮಿಷಕ್ಕೆ 40,000 ಸುತ್ತು ತಿರುಗುವ ವಸ್ತು. ಆ ವೇಗದಲ್ಲಿ ಎಸಳಿನ ತುದಿ ಸೆಕೆಂಡಿಗೆ 134 ಮೀಟರ್ ಓಡುತ್ತದೆ. ರೋಟರ್‌ನ ಮಧ್ಯದಿಂದ 12 ಮಿ.ಮೀ. ದೂರದಲ್ಲಿ ಬರೀ 0.1 ಗ್ರಾಂ ತೂಕ ಒಂದು ಕಡೆಗೆ ಹೆಚ್ಚಿದ್ದರೂ ಅದು ಶಾಫ್ಟನ್ನು ಸುಮಾರು 2 ಕಿಲೋ ಬಲದಲ್ಲಿ ಸುತ್ತಲೂ ಜಗ್ಗುತ್ತದೆ. ಇದರಿಂದ ಮೊದಲು ಬೇರಿಂಗ್ ಹೋಗುತ್ತದೆ, ಆಮೇಲೆ ತಿರುಪು ಸಡಿಲವಾಗುತ್ತದೆ, ಕೊನೆಗೆ ಎಸಳು ಕೊಳವೆಯ ಗೋಡೆಗೆ ತಾಗಿ ಪುಡಿಯಾಗುತ್ತದೆ. ಹಾಗಾಗಿ ರೋಟರನ್ನು ಅಡಾಪ್ಟರ್ (ರೋಟರನ್ನು ಮೋಟರಿನ ಶಾಫ್ಟಿಗೆ ಬಿಗಿಯುವ ತುಂಡು) ಸಮೇತ ನುಣುಪಾದ ಕಡ್ಡಿಯ ಮೇಲೆ ಅಡ್ಡಲಾಗಿ ಇಟ್ಟು ಮೆಲ್ಲಗೆ ತಿರುಗಿಸಿ ಬಿಡಿ. ಪ್ರತಿ ಸಲವೂ ಒಂದೇ ಎಸಳು ಕೆಳಗೆ ಬಂದು ನಿಂತರೆ ಆ ಕಡೆ ಭಾರ. ಮೊದಲು ಅಡಾಪ್ಟರ್ ಮೇಲೆ ರೋಟರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ ನೋಡಿ. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಹೋಗದಿದ್ದರೆ ಹಗುರವಾದ ಬದಿಯಲ್ಲಿ, ಹಬ್‌ನ ಒಳಗೋಡೆಗೆ ಒಂದು ಹನಿ ಎಪಾಕ್ಸಿ ಹಚ್ಚಿ. ಎಸಳನ್ನು ಉಜ್ಜಿ ತೂಕ ಇಳಿಸುವ ಯೋಚನೆ ಬೇಡ, ಅದರ ಬುಡ ಸವೆದರೆ ಅಪಾಯ.

ಎಸಳಿನ ತುದಿಗೂ ಕೊಳವೆಯ ಗೋಡೆಗೂ ನಡುವೆ 0.3ರಿಂದ 0.5 ಮಿ.ಮೀ. ಸಂದು ಸುತ್ತಲೂ ಒಂದೇ ಸಮ ಇರಬೇಕು. ದಪ್ಪ ಕಾಗದದ ಪಟ್ಟಿಯನ್ನು ಸಂದಿನಲ್ಲಿ ಸುತ್ತಲೂ ಹಾಯಿಸಿದರೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಗೊತ್ತಾಗುತ್ತದೆ. ಒಂದು ಕಡೆ ಬಿಗಿಯಾಗಿದ್ದರೆ ಮೋಟರಿನ ತಿರುಪುಗಳನ್ನು ಸಡಿಲಿಸಿ, ಮಧ್ಯಕ್ಕೆ ತಂದು, ಎದುರುಬದುರು ತಿರುಪುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಮಾಡಿ. ಲೋಹಕ್ಕೆ ಲೋಹ ಕೂರುವ ಪ್ರತಿ ತಿರುಪಿಗೂ ನೀಲಿ ಥ್ರೆಡ್‌ಲಾಕರ್ ಬೇಕು. ಅದು ಪ್ಲಾಸ್ಟಿಕ್‌ಗೆ ತಾಗದಂತೆ ನೋಡಿಕೊಳ್ಳಿ, ಕೆಲವು ಪ್ಲಾಸ್ಟಿಕ್‌ಗಳು ಅದರಿಂದ ಬಿರುಕು ಬಿಡುತ್ತವೆ.

ಇನ್ನು ಕೊಳವೆ. ಈ ಕೆಲಸಕ್ಕೆ ಎಷ್ಟು ಸಮಯ ಕೊಟ್ಟರೂ ನಷ್ಟವಿಲ್ಲ. 64 ಮಿ.ಮೀ. ಫ್ಯಾನ್‌ನ ಪೂರ್ತಿ ವೃತ್ತದ ವಿಸ್ತೀರ್ಣ 32 ಚದರ ಸೆಂ.ಮೀ.; ನಡುವಿನ 26 ಮಿ.ಮೀ. ಹಬ್ ಕಳೆದರೆ ಗಾಳಿ ಹಾಯುವ ಜಾಗ ಸುಮಾರು 27 ಚದರ ಸೆಂ.ಮೀ. ಗಾಳಿ ಒಳಬರುವ ಬಾಯಿಗಳು ಎಲ್ಲ ಸೇರಿ ಇದಕ್ಕಿಂತ ಕಡಿಮೆ ಇರಬಾರದು, ಶೇ. 5ರಿಂದ 10ರಷ್ಟು ಹೆಚ್ಚಿದ್ದರೆ ಇನ್ನೂ ಒಳ್ಳೆಯದು. ಬಾಡಿಯ ಎರಡು ಪಕ್ಕಗಳಲ್ಲಿ ಬಾಯಿಗಳಿದ್ದರೆ ಒಂದೊಂದೂ 14 ಚದರ ಸೆಂ.ಮೀ. ಆಗಬೇಕು, ಅಂದರೆ 35 ಮಿ.ಮೀ. ಅಗಲ, 40 ಮಿ.ಮೀ. ಎತ್ತರ. ಕಿಟ್‌ನಲ್ಲಿ ಚಂದ ಕಾಣಲೆಂದು ಇದಕ್ಕಿಂತ ಚಿಕ್ಕ ಬಾಯಿ ಕೊಟ್ಟಿದ್ದರೆ, ಫ್ಯಾನ್‌ಗೆ ಸ್ವಲ್ಪ ಮುಂದೆ ಬಾಡಿಯ ಅಡಿಯಲ್ಲಿ ಇನ್ನೊಂದು ಕಿಂಡಿ ಕೊರೆಯುವುದೇ ಸರಿ. ನೆಲದ ಹುಲ್ಲು ಒಳಗೆ ಸೇರದಂತೆ ಅದಕ್ಕೆ ಒಂದು ಜಾಲರಿ ಹಾಕಿ.

ಬಾಯಿಯ ಅಂಚು ಚೂಪಾಗಿರಬಾರದು. ಚೂಪು ಅಂಚಿನಲ್ಲಿ ಗಾಳಿ ಗೋಡೆಯಿಂದ ಬಿಟ್ಟುಕೊಂಡು ಸುಳಿ ಸುತ್ತುತ್ತದೆ, ಫ್ಯಾನ್‌ಗೆ ಸಿಗುವುದು ಕಲಕಿದ ಗಾಳಿ. ಮೂರು ನಾಲ್ಕು ಮಿ.ಮೀ. ದುಂಡಗೆ ಅಂಚನ್ನು ಉಜ್ಜಿ. ವಿಮಾನ ನಿಂತಿರುವಾಗ, ಅಂದರೆ ಕೈಯಿಂದ ಎಸೆಯುವ ಕ್ಷಣದಲ್ಲಿ, ಗಾಳಿ ಮುಂದಿನಿಂದ ಮಾತ್ರವಲ್ಲ ಪಕ್ಕದಿಂದಲೂ ಹಿಂದಿನಿಂದಲೂ ತಿರುಗಿಕೊಂಡು ಒಳಬರುತ್ತದೆ. ದುಂಡನೆಯ ಅಂಚು ಅತಿ ಹೆಚ್ಚು ಕೆಲಸಕ್ಕೆ ಬರುವುದು ಆಗಲೇ.

ಹಿಂದಿನ ಕೊಳವೆ ಹೊರಬಾಯಿಯ ಕಡೆಗೆ ಸ್ವಲ್ಪ ಕಿರಿದಾಗಬೇಕು. ಹೊರಬಾಯಿ ಫ್ಯಾನ್ ಜಾಗದ ಶೇ. 90ರಷ್ಟಿದ್ದರೆ ಸಾಕು: 24.3 ಚದರ ಸೆಂ.ಮೀ., ವ್ಯಾಸ 56 ಮಿ.ಮೀ. ತೀರಾ ಕಿರಿದು ಮಾಡಿದರೆ ನಿಂತಲ್ಲಿನ ಥ್ರಸ್ಟ್ ಬಿದ್ದುಹೋಗುತ್ತದೆ, ಕೈಯೆಸೆತಕ್ಕೆ ಬೇಕಾಗಿರುವುದೇ ಅದು. 0.3 ಮಿ.ಮೀ. ದಪ್ಪದ ಪಾರದರ್ಶಕ ಪಾಲಿಯೆಸ್ಟರ್ ಹಾಳೆ ಈ ಕೊಳವೆಗೆ ಹೇಳಿಮಾಡಿಸಿದ್ದು. ಫ್ಯಾನ್ ಕಡೆ 64 ಮಿ.ಮೀ. ವ್ಯಾಸಕ್ಕೆ ಸುತ್ತಳತೆ 201 ಮಿ.ಮೀ., ಹೊರಬಾಯಿಯ ಕಡೆ 56 ಮಿ.ಮೀ.ಗೆ 176 ಮಿ.ಮೀ. ಕೊಳವೆಯ ಉದ್ದ 200 ಮಿ.ಮೀ. ಆದರೆ, ನೇರ ಗೆರೆಗಳ ತ್ರಾಪಿಜ್ಯ ಕತ್ತರಿಸಿ ಸುತ್ತಿಬಿಡುವುದು ಸುಲಭ ಅನಿಸುತ್ತದೆ. ಹಾಗೆ ಮಾಡಿದರೆ ಫ್ಯಾನ್ ಕಡೆಯ ಅಂಚಿನಲ್ಲಿ ಮೂರು ಮಿ.ಮೀ.ನಷ್ಟು ಓರೆ ಉಳಿಯುತ್ತದೆ. ಶಂಕುವನ್ನು ಬಿಡಿಸಿ ಹಾಸಿದರೆ ಅದರ ಅಂಚು ನೇರ ಗೆರೆಯಾಗುವುದಿಲ್ಲ, ಕಮಾನಾಗುತ್ತದೆ. ದಾರಕ್ಕೆ ಪೆನ್ಸಿಲ್ ಕಟ್ಟಿ, ಒಂದೇ ಬಿಂದುವಿನಿಂದ 1600 ಮಿ.ಮೀ. ಮತ್ತು 1400 ಮಿ.ಮೀ. ತ್ರಿಜ್ಯದ ಎರಡು ಕಮಾನುಗಳನ್ನು ಎಳೆಯಿರಿ. ಹೊರ ಕಮಾನಿನ ಮೇಲೆ 201 ಮಿ.ಮೀ. ಅಳೆದು, ಎರಡೂ ತುದಿಗಳಿಂದ ಆ ಬಿಂದುವಿಗೆ ಗೆರೆ ಎಳೆದರೆ ಒಳ ಕಮಾನು ತಾನಾಗಿಯೇ 176 ಬರುತ್ತದೆ. ಮೇಲೆ ಹೊದೆಸಿ ಅಂಟಿಸಲು ಒಂದು ಬದಿಯಲ್ಲಿ 10 ಮಿ.ಮೀ. ಹೆಚ್ಚಿಗೆ ಬಿಡಿ.

ಕೊಳವೆ ಫ್ಯಾನ್‌ನ ಕವಚದ ಹೊರಗೆ ತೊಡಿಸಿದಂತೆ ಕೂರಬೇಕು, ಒಳಗೆ ತೂರಬಾರದು. ಒಳಗೆ ತೂರಿದರೆ ಹಾಳೆಯ ಅಂಚು ಗಾಳಿಗೆ ಎದುರಾಗಿ ನಿಲ್ಲುತ್ತದೆ, ಬೇಗನೆ ಕಿತ್ತುಕೊಂಡು ಒಳಕ್ಕೆ ಮಡಚಿಕೊಳ್ಳುತ್ತದೆ. ಕವಚದ ದಪ್ಪಕ್ಕೆ ತಕ್ಕಷ್ಟು ಸುತ್ತಳತೆಗೆ ಸೇರಿಸುವುದನ್ನು ಮರೆಯಬೇಡಿ, ಒಂದು ಮಿ.ಮೀ. ದಪ್ಪದ ಗೋಡೆಗೆ ಸುತ್ತಳತೆ ಆರು ಮಿ.ಮೀ. ಹೆಚ್ಚುತ್ತದೆ. ಸಂದುಗಳಿಗೆ ಹೊರಗಿನಿಂದ ಅಲ್ಯೂಮಿನಿಯಂ ಟೇಪ್ ಸುತ್ತಿ. ಮೋಟರ್ ವೈರುಗಳು ಕೊಳವೆಯ ಒಳಗೆ ಹಾಯಲೇಬೇಕಿದ್ದರೆ ಮೂರನ್ನೂ ಒಂದರ ಹಿಂದೆ ಒಂದು ಬರುವಂತೆ ಜೋಡಿಸಿ, ಫ್ಯಾನ್‌ನ ಸ್ಥಿರ ರೆಕ್ಕೆಯೊಂದರ ನೆರಳಿನಲ್ಲೇ ಹೊರತನ್ನಿ.

ವಿದ್ಯುತ್ ಭಾಗ

35 ಆಂಪಿಯರ್ ಎಳೆಯುವ ಫ್ಯಾನ್‌ಗೆ 60 ಆಂಪಿಯರ್ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸಾಧನ) ಹಾಕಿ. ಅದನ್ನು ಫೋಮ್‌ನಲ್ಲಿ ಹುದುಗಿಸಬೇಡಿ. ಶಾಖ ಹೊರಹಾಕುವ ತಗಡು ಒಳಬರುವ ಗಾಳಿಗೆ ಒಡ್ಡಿಕೊಂಡಿರಲಿ. ತೂಕ ಸರಿದೂಗಿಸಲು ಇಎಸ್‌ಸಿಯನ್ನು ಮೂತಿಯ ಕಡೆಗೆ ತರುವುದಾದರೆ ಇಎಸ್‌ಸಿಯಿಂದ ಮೋಟರಿಗೆ ಹೋಗುವ ಮೂರು ವೈರುಗಳನ್ನು ಉದ್ದ ಮಾಡಿ, ಬ್ಯಾಟರಿ ವೈರನ್ನಲ್ಲ. ಬ್ಯಾಟರಿ ವೈರ್ ಉದ್ದವಾದಷ್ಟೂ ಅದರಲ್ಲೇಳುವ ವೋಲ್ಟೇಜ್ ಏರಿಳಿತ ಇಎಸ್‌ಸಿಯ ಕೆಪಾಸಿಟರುಗಳನ್ನು ಕಾಯಿಸಿ ಸುಡುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಪ್ರತಿ 10 ಸೆಂ.ಮೀ.ಗೆ 220 ಮೈಕ್ರೋಫ್ಯಾರಡ್‌ನ ಲೋ ಇಎಸ್ಆರ್ (ಒಳರೋಧ ಕಡಿಮೆಯಿರುವ) ಕೆಪಾಸಿಟರನ್ನು ಇಎಸ್‌ಸಿ ಹತ್ತಿರವೇ ಸೇರಿಸಿ.

ಇಎಸ್‌ಸಿಯ ಬ್ರೇಕ್ ಆಫ್ ಇರಲಿ. ಮಡಚುವ ಪ್ರೊಪೆಲರಿಗೆ ಬ್ರೇಕ್ ಬೇಕು. ಇಲ್ಲಿ ಅಷ್ಟು ವೇಗದ ರೋಟರನ್ನು ಥಟ್ಟನೆ ನಿಲ್ಲಿಸಿದರೆ ಅಡಾಪ್ಟರ್ ಸಡಿಲವಾಗುತ್ತದೆ. ವೋಲ್ಟೇಜ್ ಇಳಿದಾಗ ಮೋಟರನ್ನು ಒಮ್ಮೆಗೇ ಕಡಿಯುವ ಬದಲು ನಿಧಾನವಾಗಿ ತಗ್ಗಿಸುವ ಆಯ್ಕೆ ಇರಲಿ.

ರೆಕ್ಕೆಯ ತುದಿಯ ಕಡೆಗಿದ್ದು ವಿಮಾನವನ್ನು ಪಕ್ಕಕ್ಕೆ ವಾಲಿಸುವ ಪಟ್ಟಿಗಳಾದ ಐಲೆರಾನ್‌ಗೆ ಎರಡು, ರೆಕ್ಕೆಯ ಬುಡದ ಕಡೆಯ ಫ್ಲ್ಯಾಪಿಗೆ ಎರಡು, ಬಾಲದಲ್ಲಿ ಮೂತಿಯನ್ನು ಮೇಲೆ ಕೆಳಗೆ ಮಾಡುವ ಎಲಿವೇಟರ್, ಎಡ ಬಲಕ್ಕೆ ತಿರುಗಿಸುವ ರಡರ್ ಒಂದೊಂದು, ಒಟ್ಟು ಆರು ಸರ್ವೋ (ಈ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟರ್). 9 ಗ್ರಾಂ ಸರ್ವೋ ಸಾಕು, ಆದರೆ ಲೋಹದ ಗಿಯರಿನದ್ದೇ ಇರಲಿ. ಫ್ಲ್ಯಾಪ್ ನೆಲಕ್ಕೆ ತಾಗಿದಾಗ ಮೊದಲು ಮುರಿಯುವುದು ಪ್ಲಾಸ್ಟಿಕ್ ಹಲ್ಲು. ಆರೂ ಒಟ್ಟಿಗೆ ಒತ್ತಡದಲ್ಲಿ ಕೆಲಸ ಮಾಡಿದರೆ ನಾಲ್ಕೈದು ಆಂಪಿಯರ್ ಬೇಕಾಗುತ್ತದೆ. ಆದ್ದರಿಂದ 5 ಆಂಪಿಯರಿನ ಸ್ವಿಚಿಂಗ್ ಬಿಇಸಿ (ಬ್ಯಾಟರಿಯ ವೋಲ್ಟೇಜ್ ಇಳಿಸಿ ರಿಸೀವರ್, ಸರ್ವೋಗಳಿಗೆ ಕೊಡುವ ಭಾಗ) ಬೇಕು. 4 ಸೆಲ್ ಬ್ಯಾಟರಿಯಲ್ಲಿ ಲೀನಿಯರ್ ಬಿಇಸಿ ಬಳಸಿದರೆ ಅದು ಕಾದು ಕೈಕೊಡುತ್ತದೆ, ಅದರ ಜೊತೆ ರಿಸೀವರೂ ಸತ್ತುಹೋಗುತ್ತದೆ.

ಬಾಡಿಗೆ ಅಂಟಿಸುವ ಮೊದಲೇ ಫ್ಯಾನನ್ನು ಮೇಜಿಗೆ ಬಿಗಿದು ಓಡಿಸಿ ನೋಡಿ. ಹೊರಬಾಯಿಯ ಹಿಂದೆ ಟಿಶ್ಯೂ ಪೇಪರಿನ ಪಟ್ಟಿಯೊಂದನ್ನು ಕಡ್ಡಿಗೆ ಕಟ್ಟಿ ಹಿಡಿದರೆ ಗಾಳಿ ಯಾವ ಕಡೆಗೆ ಹೋಗುತ್ತಿದೆ ಎಂದು ಕಾಣುತ್ತದೆ. ಉಲ್ಟಾ ತಿರುಗುತ್ತಿದ್ದರೆ ಮೂರು ವೈರುಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಓಡುವಾಗ ರೋಟರಿನ ನೇರಕ್ಕೆ ಪಕ್ಕದಲ್ಲಿ ಯಾರೂ ನಿಲ್ಲಬಾರದು. ಎಸಳು ಮುರಿದರೆ ಹಾರುವುದು ಆ ದಿಕ್ಕಿಗೇ. ಮುಂದಿನ ಬಾಯಿಯ ಹತ್ತಿರ ಕಾಗದ, ದಾರ, ಕೂದಲು, ಅಂಗಿಯ ತೋಳು ಯಾವುದೂ ಸುಳಿಯಬಾರದು. ವಾಟ್ ಮೀಟರ್ ಹಾಕಿ ಎಂಟು ಹತ್ತು ಸೆಕೆಂಡು ಪೂರ್ತಿ ಥ್ರಾಟಲ್ ಕೊಟ್ಟು ಆಂಪಿಯರ್ ಬರೆದಿಟ್ಟುಕೊಳ್ಳಿ.

ಬಾಡಿಯಲ್ಲಿ ಕೂರಿಸಿದ ಮೇಲೆ ಥ್ರಸ್ಟ್ ಅಳೆಯಿರಿ. ನುಣುಪಾದ ನೆಲದ ಮೇಲೆ ಗ್ಲೈಡರ್ ಇಟ್ಟು, ಬಾಲದಿಂದ ಒಂದು ದಾರವನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ, ಥ್ರಾಟಲ್ ಕೊಡಿ. ಮೇಜಿನ ಮೇಲೆ 900 ಗ್ರಾಂ ಕೊಟ್ಟ ಫ್ಯಾನ್ ಬಾಡಿಯಲ್ಲಿ 800 ಕೊಟ್ಟರೆ ಕೊಳವೆ ಚೆನ್ನಾಗಿದೆ. 650ಕ್ಕಿಂತ ಕೆಳಗಿಳಿದರೆ ಎಲ್ಲೋ ಗಾಳಿಗೆ ಅಡ್ಡಿಯಿದೆ. ಕಿವಿಯೂ ಇದನ್ನು ಹೇಳುತ್ತದೆ: ಗಾಳಿ ಸರಾಗವಾಗಿ ಸಿಕ್ಕರೆ ಫ್ಯಾನ್ ಒಂದೇ ಶ್ರುತಿಯಲ್ಲಿ ಸುಯ್ ಎನ್ನುತ್ತದೆ, ಬಾಯಿ ಸಾಲದಿದ್ದರೆ ದನಿ ಒರಟಾಗಿ ಗರಗರ ಎನ್ನುತ್ತದೆ. ಬ್ಯಾಟರಿ ಇಡುವ ಮುಚ್ಚಳ ತೆಗೆದು ಇನ್ನೊಮ್ಮೆ ಓಡಿಸಿ. ಥ್ರಸ್ಟ್ ಏರಿದರೆ ತೊಂದರೆ ಮುಂದಿನ ಬಾಯಿಯಲ್ಲೇ ಇದೆ ಎಂದು ಖಾತ್ರಿ.

ರೆಕ್ಕೆ, ಬಾಲ, ಅಂಟು

ಇಪಿಒ ಫೋಮ್‌ನ ಹೊರಮೈ ಅಚ್ಚಿನಿಂದ ನುಣುಪಾಗಿ ಬಂದಿರುತ್ತದೆ, ಅಂಟು ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಅಂಟಿಸುವ ಜಾಗವನ್ನಷ್ಟೇ 240ರ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಸಾಮಾನ್ಯ ಜೋಡಣೆಗಳಿಗೆ ಮಧ್ಯಮ ಗಟ್ಟಿಯ ಸಿಎ (ಸೂಪರ್ ಗ್ಲೂ ಜಾತಿಯ) ಅಂಟು ಸಾಕು. ಫ್ಯಾನ್ ಕೂರುವ ಪ್ಲೈವುಡ್ ಪಟ್ಟಿ ಮತ್ತು ರೆಕ್ಕೆಯ ಕಾರ್ಬನ್ ದಂಡದ ತೋಳುಗಳಿಗೆ 30 ನಿಮಿಷದ ಎಪಾಕ್ಸಿಯೇ ಬೇಕು. 5 ನಿಮಿಷದ ಎಪಾಕ್ಸಿ ಬಿಸಿಗೆ ಬೇಗ ಮೆದುವಾಗುತ್ತದೆ. ಮೋಟರಿನ ಹತ್ತಿರ ಅದನ್ನು ನಂಬುವಂತಿಲ್ಲ. ಕಿಟ್ ಇಪಿಒ ಅಲ್ಲದೆ ಬಿಳಿ ಥರ್ಮೊಕೋಲ್ ಜಾತಿಯದ್ದಾಗಿದ್ದರೆ ಸಾಮಾನ್ಯ ಸಿಎ ಅದನ್ನು ಕರಗಿಸಿಬಿಡುತ್ತದೆ, ಫೋಮ್‌ಗೆಂದೇ ಬರುವ ಸಿಎ ಬೇಕು.

ಕಾರ್ಬನ್ ದಂಡ ಬಿಗಿಯಾಗಿದ್ದರೆ ನೀರು ಹಾಕಿ ಉಜ್ಜಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡೇ ಉಜ್ಜಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕಾರ್ಬನ್ 2.4 ಗಿಗಾಹರ್ಟ್ಸ್ ಸಂಕೇತವನ್ನೂ ತಡೆಯುತ್ತದೆ. ರಿಸೀವರಿನ ಎರಡು ಆಂಟೆನಾಗಳು ದಂಡದಿಂದ ದೂರವಿರಲಿ, ಒಂದಕ್ಕೊಂದು ಲಂಬವಾಗಿರಲಿ.

ಬಾಲವನ್ನು ಅಂಟಿಸುವಾಗ ಮೂತಿಯ ನಟ್ಟನಡುವೆ ಗುಂಡುಸೂಜಿ ಚುಚ್ಚಿ, ಅಲ್ಲಿಂದ ಎರಡೂ ರೆಕ್ಕೆಯ ತುದಿಗಳಿಗೆ ದಾರದಿಂದ ಅಳೆಯಿರಿ. ಆಮೇಲೆ ರೆಕ್ಕೆಯ ತುದಿಯಿಂದ ಅದೇ ಬದಿಯ ಬಾಲದ ತುದಿಗೆ. ಎಡ ಬಲದ ವ್ಯತ್ಯಾಸ 3 ಮಿ.ಮೀ. ದಾಟಬಾರದು.

ಸರ್ವೋಗಳಿಗೆ ತೋಳು ಹಾಕುವ ಮೊದಲು ವಿದ್ಯುತ್ ಕೊಟ್ಟು, ಟ್ರಿಮ್ (ನಡುಸ್ಥಾನದ ಸಣ್ಣ ಹೊಂದಾಣಿಕೆ) ಸೊನ್ನೆಯಲ್ಲಿಟ್ಟು ನಡುವಿಗೆ ತನ್ನಿ. ತಂತಿ ತೋಳಿಗೆ 90 ಡಿಗ್ರಿಯಲ್ಲಿ ಕೂರಬೇಕು. ಫ್ಲ್ಯಾಪ್ ಮಾತ್ರ ಇದಕ್ಕೆ ಹೊರತು: ಅದು ಕೆಳಗೇ ಹೆಚ್ಚು ಬರಬೇಕಾದ್ದರಿಂದ ತೋಳನ್ನು ಒಂದೆರಡು ಹಲ್ಲು ಓರೆಯಾಗಿ ಕೂರಿಸಿ. ಸರ್ವೋ ತೋಳಿನಲ್ಲಿ ಒಳಗಿನ ತೂತು, ರೆಕ್ಕೆಯ ಹಾರ್ನ್‌ನಲ್ಲಿ (ತಂತಿಯ ಇನ್ನೊಂದು ತುದಿ ಸಿಕ್ಕಿಸುವ ಕೊಂಬು) ಹೊರಗಿನ ತೂತು ಬಳಸಿದರೆ ಸಡಿಲ ಕಡಿಮೆ. ಈ ಗ್ಲೈಡರ್ ಮೂತಿ ತಗ್ಗಿಸಿದರೆ ಬಹಳ ಬೇಗ ವೇಗ ಗಳಿಸುತ್ತದೆ. ಐಲೆರಾನ್ ಕೈಯಲ್ಲಿ ಅಲುಗಿಸಿದರೆ ಒಂದು ಮಿ.ಮೀ. ಆಡುವಂತಿದ್ದರೆ ಆ ವೇಗದಲ್ಲಿ ಪಟಪಟನೆ ಅದುರಲು ಶುರುವಾಗಿ, ಒಂದೆರಡು ಸೆಕೆಂಡಿನಲ್ಲಿ ಕೀಲು ಹರಿದುಹೋಗಬಹುದು.

ಚಲನೆಯ ಅಳತೆಗಳು ಕಿಟ್‌ನ ಹಾಳೆಯಲ್ಲಿ ಇಲ್ಲದಿದ್ದರೆ ಇವುಗಳಿಂದ ಶುರುಮಾಡಿ: ಐಲೆರಾನ್ ಮೇಲೆ 14, ಕೆಳಗೆ 7 ಮಿ.ಮೀ.; ಎಲಿವೇಟರ್ ಎರಡೂ ಕಡೆ 8; ರಡರ್ 20. ಉದ್ದ ರೆಕ್ಕೆಯಲ್ಲಿ ಕೆಳಗಿಳಿದ ಐಲೆರಾನ್ ಆ ರೆಕ್ಕೆಯನ್ನು ಹಿಂದಕ್ಕೆ ಜಗ್ಗುತ್ತದೆ, ಮೂತಿ ತಿರುವಿನ ವಿರುದ್ಧ ದಿಕ್ಕಿಗೆ ಹೊರಳುತ್ತದೆ. ಕೆಳಚಲನೆ ಅರ್ಧ ಇಡುವುದು ಅದಕ್ಕೇ. ಇಳಿಸುವಾಗ ಬೇಕಾಗುವ ಬ್ರೇಕಿಗೆ ಎರಡೂ ಐಲೆರಾನ್ 12 ಮಿ.ಮೀ. ಮೇಲೆ, ಫ್ಲ್ಯಾಪ್ 30 ಮಿ.ಮೀ. ಕೆಳಗೆ, ಜೊತೆಗೆ ಎಲಿವೇಟರ್ 3 ಮಿ.ಮೀ. ಕೆಳಗೆ ಒಂದೇ ಸ್ವಿಚ್ಚಿನಲ್ಲೋ ಸ್ಲೈಡರಿನಲ್ಲೋ ಬರಲಿ. ಎಕ್ಸ್‌ಪೋ (ಸ್ಟಿಕ್ಕಿನ ನಡುಭಾಗದಲ್ಲಿ ಚಲನೆಯನ್ನು ಮೃದುವಾಗಿಸುವ ಹೊಂದಿಕೆ) ಶೇ. 30.

ತೂಕ ಎಲ್ಲಿ ಕೂರಬೇಕು

ಗುರುತ್ವ ಕೇಂದ್ರದ ವಿಷಯದಲ್ಲಿ ಜೆಟ್ ಗ್ಲೈಡರ್ ಹಠಮಾರಿ. ಪ್ರೊಪೆಲರ್ ಗ್ಲೈಡರಿನಲ್ಲಿ ಮೋಟರ್ ಮೂತಿಯಲ್ಲೇ ಇರುತ್ತದೆ. ಇಲ್ಲಿ ಅದು ರೆಕ್ಕೆಯ ಹಿಂದೆ. ಮೋಟರ್ ಸೇರಿ 140 ಗ್ರಾಂ ಇರುವ ಫ್ಯಾನ್ ಗುರುತ್ವ ಕೇಂದ್ರದಿಂದ 150 ಮಿ.ಮೀ. ಹಿಂದಿದ್ದರೆ, ಅದನ್ನು ಸರಿದೂಗಿಸಲು 240 ಗ್ರಾಂ ಬ್ಯಾಟರಿ 88 ಮಿ.ಮೀ. ಮುಂದಿರಬೇಕು. ಬಾಲದ ತುದಿಯಲ್ಲಿ, 650 ಮಿ.ಮೀ. ದೂರದಲ್ಲಿ, ಹೆಚ್ಚುವರಿ ಬಣ್ಣ ಸ್ಟಿಕ್ಕರ್ ಅಂತ 10 ಗ್ರಾಂ ಸೇರಿಸಿದರೆ ಅದೇ ಬ್ಯಾಟರಿ ಇನ್ನೂ 27 ಮಿ.ಮೀ. ಮುಂದೆ ಸರಿಯಬೇಕು, ಅಷ್ಟು ಜಾಗ ಮೂತಿಯಲ್ಲಿ ಇರುವುದಿಲ್ಲ. ಆದ್ದರಿಂದ ಬಾಲಕ್ಕೆ ಬಣ್ಣ ಬಳಿಯಬೇಡಿ. ಸೀಸ ಹಾಕುವುದು ಕೊನೆಯ ದಾರಿ. ಮೊದಲು ಬ್ಯಾಟರಿ, ಆಮೇಲೆ ಇಎಸ್‌ಸಿ, ರಿಸೀವರ್ ಮುಂದಕ್ಕೆ ಸರಿಸಿ ನೋಡಿ.

ಮೊದಲ ಹಾರಾಟಕ್ಕೆ ರೆಕ್ಕೆಯ ಸರಾಸರಿ ಅಗಲದ ಶೇ. 30ರಿಂದ 33ರ ಒಳಗೆ ಗುರುತ್ವ ಕೇಂದ್ರ ಇರಲಿ. ಬೆರಳ ಮೇಲೆ ಅಂದಾಜಿಗೆ ಹಿಡಿಯದೆ, ರೆಕ್ಕೆಯ ಅಡಿಯಲ್ಲಿ ಎರಡೂ ಕಡೆ ಅಳೆದು ಗುರುತು ಮಾಡಿ, ಪೆನ್ಸಿಲ್ ರಬ್ಬರ್ ತುದಿಯ ಎರಡು ಕಂಬಗಳ ಮೇಲಿಟ್ಟು ನೋಡಿ. ಬ್ಯಾಟರಿ ಕೂರುವ ಜಾಗಕ್ಕೆ ಒಳಗೆ ಗೆರೆ ಎಳೆದು, ವೆಲ್ಕ್ರೋ ಜೊತೆಗೆ ಪಟ್ಟಿಯನ್ನೂ ಹಾಕಿ. ಏರುವಾಗ ಬ್ಯಾಟರಿ ಹಿಂದಕ್ಕೆ ಜಾರಿದರೆ ವಿಮಾನ ಉಳಿಯುವುದಿಲ್ಲ.

ಎಸೆತ

ಅತಿ ಹೆಚ್ಚು ಜೆಟ್ ಗ್ಲೈಡರ್‌ಗಳು ಮುರಿಯುವುದು ಮೊದಲ ಐದು ಸೆಕೆಂಡಿನಲ್ಲಿ. ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. 1300 ಗ್ರಾಂ, 32 ಚದರ ಡೆಸಿಮೀಟರ್ ರೆಕ್ಕೆಗೆ ಸ್ಟಾಲ್ ಆಗುವ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ) ವೇಗ ಸೆಕೆಂಡಿಗೆ ಸುಮಾರು 8 ಮೀಟರ್, ಅಂದರೆ ಗಂಟೆಗೆ 29 ಕಿ.ಮೀ. ಓಡಿಬಂದು ಚೆನ್ನಾಗಿ ಎಸೆದರೂ ಸಿಗುವುದು ಅದರ ಆಸುಪಾಸಿನ ವೇಗವೇ. ಎದುರುಗಾಳಿ ಸೆಕೆಂಡಿಗೆ 3ರಿಂದ 5 ಮೀಟರ್ ಇದ್ದರೆ ಅಷ್ಟೂ ಪುಕ್ಕಟೆಯಾಗಿ ಸೇರಿಕೊಳ್ಳುತ್ತದೆ. ಗಾಳಿಯೇ ಇಲ್ಲದ ದಿನ ಮೊದಲ ಹಾರಾಟ ಇಟ್ಟುಕೊಳ್ಳಬೇಡಿ.

ಎಸೆಯುವವರು ಒಬ್ಬರು, ಸ್ಟಿಕ್ ಹಿಡಿಯುವವರು ಇನ್ನೊಬ್ಬರು ಇರಲಿ. ಫ್ಲ್ಯಾಪ್ 4 ಮಿ.ಮೀ. ಕೆಳಗಿಳಿಸಿ. ಎಸೆಯುವವರು ಗುರುತ್ವ ಕೇಂದ್ರದ ಅಡಿಯಲ್ಲಿ, ಗಾಳಿಯ ಬಾಯಿಗೆ ಬೆರಳು ಅಡ್ಡ ಬರದಂತೆ ಹಿಡಿಯಬೇಕು. ಪೂರ್ತಿ ಥ್ರಾಟಲ್ ಕೊಟ್ಟು ಎರಡು ಸೆಕೆಂಡು ಕಾಯಿರಿ, ಫ್ಯಾನ್ ದನಿ ಏರುವುದು ನಿಂತು ಒಂದೇ ಸಮ ಆದ ಮೇಲೆ ನಾಲ್ಕೈದು ಹೆಜ್ಜೆ ಓಡಿ, ನೆಲಕ್ಕೆ ಸಮಾಂತರವಾಗಿ, ಹೆಚ್ಚೆಂದರೆ 5 ಡಿಗ್ರಿ ಮೇಲಕ್ಕೆ, ರೆಕ್ಕೆ ಮಟ್ಟವಾಗಿಟ್ಟು ಬಿಡಬೇಕು. ಕೈಬಿಟ್ಟ ಮೇಲೆ ಗ್ಲೈಡರ್ ಒಂದರ್ಧ ಮೀಟರ್ ಇಳಿದಂತೆ ಕಾಣುತ್ತದೆ. ಆಗ ಎಲಿವೇಟರ್ ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ, ಎಳೆದರೆ ಮೂತಿ ಮೇಲೆದ್ದು, ವೇಗ ಸತ್ತು, ಒಂದು ರೆಕ್ಕೆ ಮಗುಚಿ ನೆಲಕ್ಕೆ ಬರುತ್ತದೆ. ಮೂರು ಸೆಕೆಂಡು ಮಟ್ಟವಾಗಿಯೇ ಓಡಲು ಬಿಡಿ. ವೇಗ ಕೂಡಿಕೊಂಡ ಮೇಲೆ ತಾನಾಗಿ ಮೇಲೇಳುತ್ತದೆ.

ಒಬ್ಬರೇ ಇರುವಾಗ ಬಂಜಿ ಹಗ್ಗ ಎಷ್ಟೋ ವಾಸಿ: 10 ಮೀಟರ್ ರಬ್ಬರ್ ಕೊಳವೆ, 25 ಮೀಟರ್ ದಾರ, ಗುರುತ್ವ ಕೇಂದ್ರದಿಂದ 10ರಿಂದ 15 ಮಿ.ಮೀ. ಮುಂದೆ ಕೊಕ್ಕೆ. ತಕ್ಕಡಿಯಲ್ಲಿ 4ರಿಂದ 5 ಕಿಲೋ ತೋರಿಸುವಷ್ಟು ಎಳೆದರೆ ಸಾಕು. ದಾರ ಕೊಕ್ಕೆಯಿಂದ ಕಳಚಿದ ಮೇಲೆಯೇ ಥ್ರಾಟಲ್ ಕೊಡಿ.

ಎಸೆಯುವ ಮೊದಲು ಟ್ರಾನ್ಸ್‌ಮಿಟರನ್ನು ರೇಂಜ್ ಪರೀಕ್ಷೆಯ ಸ್ಥಿತಿಯಲ್ಲಿಟ್ಟು 30 ಹೆಜ್ಜೆ ದೂರದಿಂದ, ಫ್ಯಾನ್ ಓಡುತ್ತಿರುವಾಗಲೂ ನಿಂತಿರುವಾಗಲೂ ಸರ್ವೋ ಆಡಿಸಿ ನೋಡಿ. ವಿಮಾನವನ್ನು ಭದ್ರವಾಗಿ ಹಿಡಿದುಕೊಂಡು ಟ್ರಾನ್ಸ್‌ಮಿಟರ್ ಆಫ್ ಮಾಡಿದರೆ ಫ್ಯಾನ್ ನಿಲ್ಲಬೇಕು. ನಿಲ್ಲದಿದ್ದರೆ ಫೇಲ್‌ಸೇಫ್ (ಸಂಕೇತ ತಪ್ಪಿದಾಗ ಮೋಟರ್ ನಿಲ್ಲಿಸುವ ಏರ್ಪಾಡು) ಹೊಂದಿಸದೆ ಹಾರಿಸಬೇಡಿ.

ಮೇಲೆ ಹೋದ ಮೇಲೆ

ಕಡಿದಾಗಿ ಏರಿಸಬೇಡಿ. ವೇಗದಲ್ಲಿ, 20ರಿಂದ 25 ಡಿಗ್ರಿ ಕೋನದಲ್ಲಿ ಏರಿದಾಗಲೇ ಬ್ಯಾಟರಿಯ ಪ್ರತಿ ಎಂಎಎಚ್‌ಗೆ ಹೆಚ್ಚು ಎತ್ತರ ಸಿಗುತ್ತದೆ. ಬಹಳ ದೇಶಗಳಲ್ಲಿ ಮಾದರಿ ವಿಮಾನಗಳಿಗೆ 120 ಮೀಟರ್ ಮಿತಿ ಇದೆ. ನಿಮ್ಮಲ್ಲಿನ ನಿಯಮ ನೋಡಿಕೊಳ್ಳಿ. ಥ್ರಾಟಲ್ ಮುಚ್ಚಿ, ಫ್ಯಾನ್ ಸುಮ್ಮನಾದ ಮೇಲೆ ಟ್ರಿಮ್ ಸರಿಮಾಡಿ. ಮೋಟರ್ ಓಡುವಾಗ ಟ್ರಿಮ್ ಮಾಡಿದರೆ ನಿಲ್ಲಿಸಿದ ಕೂಡಲೇ ಎಲ್ಲ ಬದಲಾಗುತ್ತದೆ. ಫ್ಯಾನ್ ಬೆನ್ನಮೇಲೆ ಇರುವ ಕಿಟ್ಟುಗಳಲ್ಲಿ ಇದು ಇನ್ನೂ ಜೋರು: ಥ್ರಾಟಲ್ ಕೊಟ್ಟಾಗ ಮೂತಿ ಕೆಳಗೆ ಹೋಗುತ್ತದೆ. ಟ್ರಾನ್ಸ್‌ಮಿಟರಿನಲ್ಲಿ ಥ್ರಾಟಲ್‌ಗೆ ಎರಡು ಮೂರು ಮಿ.ಮೀ. ಮೇಲಿನ ಎಲಿವೇಟರ್ ಮಿಕ್ಸ್ ಹಾಕಿದರೆ ಸರಿಯಾಗುತ್ತದೆ.

ಗುರುತ್ವ ಕೇಂದ್ರವನ್ನು ನಿಖರವಾಗಿ ಹುಡುಕಲು ಡೈವ್ ಪರೀಕ್ಷೆ ಮಾಡಿ. ಮೋಟರ್ ನಿಲ್ಲಿಸಿ, ಎತ್ತರದಲ್ಲಿ ಮೂತಿಯನ್ನು 30 ಡಿಗ್ರಿ ಕೆಳಗೆ ಒತ್ತಿ ಸ್ಟಿಕ್ ಬಿಟ್ಟುಬಿಡಿ. ಥಟ್ಟನೆ ಮೂತಿ ಎತ್ತಿದರೆ ಮುಂಭಾರ, ಬ್ಯಾಟರಿಯನ್ನು 5 ಮಿ.ಮೀ. ಹಿಂದಕ್ಕೆ ಸರಿಸಿ. ಇನ್ನೂ ಕಡಿದಾಗಿ ಧುಮುಕತೊಡಗಿದರೆ ಹಿಂಭಾರ, ಕೂಡಲೇ ಎತ್ತಿ ಇಳಿಸಿ. ಮೆಲ್ಲಗೆ, ದೊಡ್ಡ ಕಮಾನಿನಲ್ಲಿ ತಾನೇ ಮೇಲೆ ಬಂದರೆ ಸರಿ ಇದೆ. ಸರಿಸಿದಾಗಲೆಲ್ಲ ಎಲಿವೇಟರ್ ಟ್ರಿಮ್ ಹೊಸದಾಗಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಪರೀಕ್ಷೆ ಸುಳ್ಳು ಹೇಳುತ್ತದೆ.

ಇಳಿಸುವಾಗ ಎತ್ತರ ಕೈಯಲ್ಲಿಟ್ಟುಕೊಂಡೇ ಬನ್ನಿ. ತಪ್ಪಿದರೆ ಥ್ರಾಟಲ್ ಕೊಟ್ಟು ಮತ್ತೊಂದು ಸುತ್ತು ಹಾಕುತ್ತೇನೆ ಅನ್ನುವ ಭರವಸೆ ಪ್ರೊಪೆಲರಿನಲ್ಲಿ ಸರಿ, ಇಲ್ಲಿ ಅಲ್ಲ. ಮತ್ತೆ ಏರುವ ನಿರ್ಧಾರ 10 ಮೀಟರ್ ಎತ್ತರ ಇರುವಾಗಲೇ ಆಗಬೇಕು. 20 ಮೀಟರಿನಲ್ಲಿ ಕೊನೆಯ ತಿರುವು ಮುಗಿಸಿ, ಹೆಚ್ಚಿದ ಎತ್ತರವನ್ನು ಬ್ರೇಕಿನಿಂದ ಕಳೆಯಿರಿ. ನೆಲದಿಂದ ಒಂದು ಮೀಟರ್ ಇರುವಾಗ ಬ್ರೇಕ್ ಅರ್ಧಕ್ಕೆ ತಂದರೆ ಫ್ಲ್ಯಾಪ್ ಉಳಿಯುತ್ತದೆ. ಹೊಟ್ಟೆ ನೆಲ ಮುಟ್ಟುವ ಮೊದಲೇ ಥ್ರಾಟಲ್ ಹೋಲ್ಡ್ ಸ್ವಿಚ್ ಹಾಕಿ. ಫ್ಯಾನ್ ತಿರುಗುತ್ತಿದ್ದರೆ ಹುಲ್ಲು, ಮಣ್ಣು, ಸಣ್ಣ ಕಲ್ಲು ಎಲ್ಲವನ್ನೂ ಒಳಗೆಳೆಯುತ್ತದೆ.

ಇಳಿದ ಮೇಲೆ ಮೊದಲು ಬ್ಯಾಟರಿ ಕಳಚಿ, ಆಮೇಲೆ ಬೆರಳು ಒಳಗೆ ಹಾಕಿ ರೋಟರ್ ತಿರುಗಿಸಿ ನೋಡಿ. ಪ್ರತಿ ಎಸಳಿನ ಮುಂದಿನ ಅಂಚಿನ ಮೇಲೆ ಉಗುರು ಎಳೆದರೆ ಸಣ್ಣ ಕಚ್ಚೂ ಸಿಗುತ್ತದೆ. ಬುಡದಲ್ಲಿ ಬಿಳಿಚಿದ ಗೆರೆ ಕಂಡರೆ ಅದು ಬಿರುಕಿನ ಆರಂಭ. ಅಂಥ ರೋಟರಿಗೆ ಅಂಟು ಹಾಕಬೇಡಿ, ಬದಲಾಯಿಸಿ. ಬ್ಯಾಟರಿಯ ಪ್ರತಿ ಸೆಲ್ ವಿಶ್ರಾಂತಿಯಲ್ಲಿ 3.7 ವೋಲ್ಟಿಗಿಂತ ಕೆಳಗಿದ್ದರೆ ಮುಂದಿನ ಸಲ ಏರಿಕೆ ಒಂದು ಕಡಿಮೆ ಮಾಡಿ. ಚಾರ್ಜ್ ಮಾಡುವುದು 2.2 ಆಂಪಿಯರಿನಲ್ಲಿ, ಎದುರಿಗೆ ಕೂತು. ವಾರಗಟ್ಟಲೆ ಹಾರಿಸದೆ ಇಡುವುದಾದರೆ ಸೆಲ್ಲಿಗೆ 3.8 ವೋಲ್ಟಿನಲ್ಲಿ ಇಡಿ. ತುಂಬಿಸಿಟ್ಟ ಲಿಪೊ ಉಬ್ಬುತ್ತದೆ, ಉಬ್ಬಿದ ಲಿಪೊ ಈ ಫ್ಯಾನ್ ಕೇಳುವ 35 ಆಂಪಿಯರನ್ನು ಮತ್ತೆ ಸಲೀಸಾಗಿ ಕೊಡುವುದಿಲ್ಲ.